ಮೈಕ್ರೋಫಿಲ್ಮ್‌ನಲ್ಲಿರುವ ಹಳೆಯ ತಾಂತ್ರಿಕ ನಕ್ಷೆಗಳ ಡಿಜಿಟಲೀಕರಣ: ಮಲೆನಾಡಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಪತ್ರವೊಂದರಲ್ಲಿ ಅಕ್ಷರ ಮಸುಕಾದರೆ ಹಿಂದುಮುಂದಿನ ಪದ ನೋಡಿ ಓದಿಕೊಳ್ಳಬಹುದು. ನಕ್ಷೆಯಲ್ಲಿ ಅಂಕಿ ಮಸುಕಾದರೆ ಊಹೆಗೆ ಆಧಾರವೇ ಇಲ್ಲ. ಅದು 3 ಇರಬಹುದು, 8 ಇರಬಹುದು. ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1819 ಅಡಿ ಎಂಬುದು ಶಿವಮೊಗ್ಗ ಜಿಲ್ಲೆಯಲ್ಲಿ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ನಕ್ಷೆಯಲ್ಲಿ 1319 ಎಂದು ಕಂಡರೆ ಯಾರಾದರೂ ತಪ್ಪು ಹಿಡಿಯುತ್ತಾರೆ. ಆದರೆ ತೀರ್ಥಹಳ್ಳಿ ಕಡೆಯ ಯಾವುದೋ ಸಣ್ಣ ಮೋರಿಯ ತಳಮಟ್ಟ ಯಾರಿಗೆ ನೆನಪಿದ್ದೀತು? ಅದನ್ನು ತಿದ್ದುವವರೂ ಇಲ್ಲ, ತಪ್ಪೆಂದು ಹೇಳುವವರೂ ಇಲ್ಲ. ಆದ್ದರಿಂದ ತಾಂತ್ರಿಕ ದಾಖಲೆಗಳ ಮೈಕ್ರೋಫಿಲ್ಮನ್ನು, ಎಂದರೆ ಹಾಳೆಗಳನ್ನು ತೀರಾ ಕುಗ್ಗಿಸಿ ಚಿತ್ರ ತೆಗೆದಿಟ್ಟ ಫಿಲ್ಮಿನ ಸುರುಳಿಯನ್ನು, ಡಿಜಿಟಲ್ ಮಾಡುವಾಗ ಪ್ರತಿ ನಿರ್ಧಾರವೂ ಆ ಹಾಳೆಯ ಅತಿ ಸಣ್ಣ ಅಂಕಿಯಿಂದ ಹೊರಡಬೇಕು. ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಒತ್ತಿ ಹೇಳುವುದು ಅದೊಂದನ್ನೇ.

ನಮ್ಮ ಭಾಗದಲ್ಲಿ ಇಂಥ ದಾಖಲೆಗಳ ಮಹತ್ವ ದೊಡ್ಡದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಮಲೆನಾಡಿನ ಕಾಡಿನ ಇದ್ದಿಲಿನಿಂದ ಕುಲುಮೆ ಹೊತ್ತಿಸಿತು. ಜೋಗದ ಕೆಳಗಿನ ವಿದ್ಯುದಾಗಾರ 1948ರಲ್ಲಿ ವಿದ್ಯುತ್ ಕೊಡಲು ಆರಂಭಿಸಿತು. ಅದಕ್ಕೆ ನೀರು ಹಿಡಿದಿಡಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಅದರ ಹಿನ್ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಾತ್ರ ಅದು ತಲೆ ಎತ್ತುತ್ತದೆ. ಅಂಥ ಕಟ್ಟಡವನ್ನು ಟೇಪು ಹಿಡಿದು ಅಳೆದು ಬರಲು ಬೇಕೆಂದಾಗ ಸಾಧ್ಯವಿಲ್ಲ. ಹಾಳೆಯ ಮೇಲಿರುವ ಅಳತೆಯೇ ಕೊನೆಯ ಮಾತು. ಹಾಳೆ ಹರಿದು ಫಿಲ್ಮ್ ಮಾತ್ರ ಉಳಿದ ಸಂದರ್ಭದಲ್ಲಿ ಆ ಕೊನೆಯ ಮಾತು ನಮ್ಮ ಕೈಯಲ್ಲಿರುವ ರೀಲಿನಲ್ಲಿರುತ್ತದೆ.

ಮೊದಲು ಋತು ನೋಡಿ, ಆಮೇಲೆ ಅನುಮತಿ

ಮೃಗಶಿರಾ ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ರೀಲಿನ ಡಬ್ಬಿ ತೆರೆಯುವುದೇ ಬೇಡ. ಫಿಲ್ಮಿನ ಮೇಲೆ ಬೆಳ್ಳಿಯ ಕಣಗಳ ಚಿತ್ರವನ್ನು ಹಿಡಿದಿಟ್ಟಿರುವುದು ಜೆಲಾಟಿನ್ ಪದರ. ಗಾಳಿಯ ಸಾಪೇಕ್ಷ ತೇವ ಶೇ. 65 ದಾಟಿ ಅಲ್ಲೇ ನಿಂತರೆ ಬೂಷ್ಟಿಗೆ ಅದು ಒಳ್ಳೆಯ ಆಹಾರ. ಆಗುಂಬೆ, ಹೊಸನಗರದ ಕಡೆ ಜುಲೈನಲ್ಲಿ ಗೋಡೆಯೇ ಬೆವರುವಾಗ ಫಿಲ್ಮ್ ಮಾತ್ರ ಒಣಗಿರುವುದಿಲ್ಲ. ದೀಪಾವಳಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಕೆಲಸ ಆರಂಭಿಸಿ, ಮೇ ತಿಂಗಳ ಗುಡುಗು ಮಳೆಗೆ ಮುನ್ನ ಸ್ಕ್ಯಾನಿಂಗ್ ಭಾಗ ಮುಗಿಸುವಂತೆ ಯೋಜಿಸಿ. ಪಟ್ಟಿ ಮಾಡುವುದು, ತಾಳೆ ನೋಡುವುದು, ಕಡತಗಳ ಜೋಡಣೆ ಇವೆಲ್ಲ ಮಳೆಗಾಲದ ಕೆಲಸಗಳು. ಅವಕ್ಕೆ ಕಂಪ್ಯೂಟರ್ ಸಾಕು, ರೀಲು ಬೇಕಾಗಿಲ್ಲ.

ರೀಲು ಯಾರ ಸ್ವತ್ತು ಎಂಬುದನ್ನು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ. ಭಾರತದ ಕೃತಿಸ್ವಾಮ್ಯ ಕಾಯ್ದೆಯಂತೆ ಸರ್ಕಾರಿ ಕೃತಿಗಳ ಹಕ್ಕು ಪ್ರಕಟಣೆಯ ನಂತರದ 60 ವರ್ಷ ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಭದ್ರತೆ. ಇಂದಿಗೂ ಚಾಲ್ತಿಯಲ್ಲಿರುವ ಅಣೆಕಟ್ಟು, ವಿದ್ಯುದಾಗಾರಗಳ ನಕ್ಷೆಗಳನ್ನು ಡಿಜಿಟಲ್ ಮಾಡಲು ಸಿಕ್ಕ ಅನುಮತಿ ಬೇರೆ, ಅವುಗಳನ್ನು ಸಾರ್ವಜನಿಕರ ಮುಂದಿಡಲು ಬೇಕಾದ ಅನುಮತಿ ಬೇರೆ. ಎರಡನ್ನೂ ಪ್ರತ್ಯೇಕವಾಗಿ ಕೇಳಿ.

ರೀಲಿನ ಗುರುತು ಹಿಡಿಯುವುದು

ಎಂಜಿನಿಯರಿಂಗ್ ನಕ್ಷೆಗಳು ಹೆಚ್ಚಾಗಿ 35 ಮಿ.ಮೀ. ಫಿಲ್ಮಿನಲ್ಲಿರುತ್ತವೆ, ಪತ್ರವ್ಯವಹಾರ, ಲೆಕ್ಕಪತ್ರಗಳು 16 ಮಿ.ಮೀ.ಯಲ್ಲಿ. ಕೆಲವೊಮ್ಮೆ ಒಂದೊಂದೇ 35 ಮಿ.ಮೀ. ಫ್ರೇಮನ್ನು ಕಿಟಕಿ ಕೊರೆದ ದಪ್ಪ ಕಾರ್ಡಿಗೆ ಅಂಟಿಸಿರುತ್ತಾರೆ, ಅದಕ್ಕೆ ಅಪರ್ಚರ್ ಕಾರ್ಡ್ ಎನ್ನುತ್ತಾರೆ. ಕಾರ್ಡಿನ ಮೇಲಿನ ಬರಹ ಮತ್ತು ರಂಧ್ರಗಳಲ್ಲೂ ಮಾಹಿತಿ ಇರುತ್ತದೆ. ಫಿಲ್ಮಿನ ಜೊತೆಗೆ ಇಡೀ ಕಾರ್ಡಿನ ಚಿತ್ರವನ್ನೂ ತೆಗೆಯಿರಿ.

ಮುಂದಿನದು ಫಿಲ್ಮಿನ ತಳ, ಎಂದರೆ ಚಿತ್ರದ ಪದರವನ್ನು ಹೊತ್ತಿರುವ ಪ್ಲಾಸ್ಟಿಕ್, ಯಾವುದು ಎಂಬ ಪ್ರಶ್ನೆ. ರೀಲನ್ನು ಅಡ್ಡಲಾಗಿ ಹಿಡಿದು ಅಂಚಿನ ಕಡೆಯಿಂದ ದೀಪದ ಬೆಳಕಿಗೆ ನೋಡಿ. ಸುತ್ತಿನ ಅಂಚುಗಳ ಮೂಲಕ ಬೆಳಕು ಹಾದು ಬಂದರೆ ಅದು ಪಾಲಿಯೆಸ್ಟರ್. ಕಪ್ಪಾಗಿಯೇ ಕಂಡರೆ ಅಸಿಟೇಟ್. ಪಾಲಿಯೆಸ್ಟರ್ ಗಟ್ಟಿ, ಸರಿಯಾಗಿ ಸಂಸ್ಕರಿಸಿ ಸರಿಯಾಗಿ ಇಟ್ಟರೆ ಅದರ ಬಾಳಿಕೆಯನ್ನು 500 ವರ್ಷವೆಂದು ಅಂದಾಜಿಸುತ್ತಾರೆ. ಅಸಿಟೇಟ್ ಹಾಗಲ್ಲ. ಶಾಖ ಮತ್ತು ತೇವ ಸೇರಿದಾಗ ಅದು ಒಳಗಿನಿಂದಲೇ ಕೊಳೆಯತೊಡಗಿ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಡಬ್ಬಿ ತೆರೆದ ಕೂಡಲೇ ಮೂಗಿಗೆ ವಿನಿಗರ್ ವಾಸನೆ ಹೊಡೆದರೆ ಇದೇ ರೋಗ. ಬಿಟ್ಟ ಆಮ್ಲವೇ ಮತ್ತಷ್ಟು ಕೊಳೆತವನ್ನು ಹೆಚ್ಚಿಸುತ್ತದೆ, ಪಕ್ಕದ ರೀಲುಗಳಿಗೂ ಹಬ್ಬಿಸುತ್ತದೆ. ಅಂಥ ರೀಲುಗಳನ್ನು ಆ ದಿನವೇ ಬೇರೆ ಕೋಣೆಗೆ ಸಾಗಿಸಿ, ಸ್ಕ್ಯಾನ್ ಮಾಡುವ ಸರದಿಯಲ್ಲಿ ಅವನ್ನೇ ಮೊದಲು ನಿಲ್ಲಿಸಿ. ವಾಸನೆ ಬರುವ ಮೊದಲೇ ರೋಗ ಹಿಡಿಯಬೇಕೆಂದರೆ ಎ-ಡಿ ಪಟ್ಟಿ ಎಂಬ ಸೂಚಕ ಕಾಗದ ಸಿಗುತ್ತದೆ. ಡಬ್ಬಿಯೊಳಗಿಟ್ಟರೆ ಆಮ್ಲಕ್ಕೆ ತಕ್ಕಂತೆ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತದೆ.

ನೀಲಿ ಅಥವಾ ನೇರಳೆ ಛಾಯೆಯ ಫಿಲ್ಮ್ ಕಂಡರೆ ಅದು ಬಹುಶಃ ಡಯಾಜೊ ಪ್ರತಿ, ಎಂದರೆ ಬೆಳ್ಳಿಯ ಬದಲು ಬಣ್ಣದಲ್ಲಿ ಮೂಡಿಸಿದ ನಕಲು. ಅದು ಬೆಳಕಿಗೆ ಮಾಸುತ್ತದೆ, ಆದ್ದರಿಂದ ದೀಪದ ಮೇಲೆ ಬಿಟ್ಟು ಊಟಕ್ಕೆ ಏಳಬೇಡಿ. ಡಯಾಜೊ ಪ್ರತಿ ಇದ್ದಲ್ಲಿ ಅದರ ಮೂಲವಾದ ಬೆಳ್ಳಿಯ ನೆಗೆಟಿವ್ ಎಲ್ಲಾದರೂ ಇದೆಯೇ ಎಂದು ಹುಡುಕುವುದು ಒಳಿತು. ಪ್ರತಿಯ ಪ್ರತಿಯಲ್ಲಿ ಮೊದಲು ಹಾಳಾಗುವುದು ಆ ಸಣ್ಣ ಅಂಕಿಗಳೇ.

ಬೂಷ್ಟು, ಧೂಳು, ತುಕ್ಕು

ಬೂಷ್ಟು ಹಿಡಿದ ರೀಲನ್ನು ಎನ್-95 ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಮೊದಲು ಅದನ್ನು ನಿಷ್ಕ್ರಿಯಗೊಳಿಸಬೇಕು, ಎಂದರೆ ಒಣಗಿಸಬೇಕು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಜೊತೆಗೆ ಅಗ್ಗದ ತೇವಮಾಪಕವೊಂದನ್ನು ಇಟ್ಟು, ತೇವ ಶೇ. 40ರ ಆಸುಪಾಸಿಗೆ ನಿಧಾನವಾಗಿ ಇಳಿಯಲು ಬಿಡಿ. ಬಿಸಿಲಿಗೆ ಹಾಕುವುದು, ಕೂದಲು ಒಣಗಿಸುವ ಯಂತ್ರ ಹಿಡಿಯುವುದು ಎರಡೂ ಫಿಲ್ಮನ್ನು ಸುರುಟಿಸುತ್ತವೆ. ಒಣಗಿದ ಬೂಷ್ಟನ್ನು ಮನೆಯ ಹೊರಗೆ, ಮೃದುವಾದ ಕುಂಚದಿಂದ ತೆಗೆಯಬಹುದು. ಉಳಿದ ಕಲೆಗೆ ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲನ್ನು ನೂಲು ಬಿಡದ ಬಟ್ಟೆಗೆ ಹಾಕಿ, ಮೊದಲು ಖಾಲಿ ತುದಿಯಲ್ಲಿ ಪರೀಕ್ಷಿಸಿ, ನಂತರ ಹಗುರವಾಗಿ ಒರೆಸಿ. ನೀರು ಮಾತ್ರ ಸೋಕಿಸಬೇಡಿ. ಬೂಷ್ಟು ತಿಂದ ಜೆಲಾಟಿನ್ ನೀರಿನಲ್ಲಿ ಕರಗಿ ಚಿತ್ರದ ಸಮೇತ ಬಟ್ಟೆಗೆ ಅಂಟಿ ಬರುತ್ತದೆ.

ಸೋರುವ ಮಾಡಿನಿಂದ ನೆನೆದ ರೀಲಿನ ವಿಷಯ ಬೇರೆಯದೇ. ಒದ್ದೆಯಾದದ್ದು ಸುತ್ತಿದಂತೆಯೇ ಒಣಗಿದರೆ ಪದರಗಳು ಒಂದಕ್ಕೊಂದು ಅಂಟಿ ಮತ್ತೆ ಬಿಡಿಸಲು ಬರುವುದಿಲ್ಲ. ಬೂಷ್ಟು ಇನ್ನೂ ಹಿಡಿದಿಲ್ಲದಿದ್ದರೆ ಅದನ್ನು ತಣ್ಣನೆಯ ಶುದ್ಧ ನೀರಿನಲ್ಲಿ ಮುಳುಗಿಸಿಟ್ಟೇ ಫಿಲ್ಮ್ ತೊಳೆಯುವ ವ್ಯವಸ್ಥೆ ಇರುವವರ ಬಳಿ ತಡಮಾಡದೆ ಒಯ್ಯಬೇಕು.

ರೀಲಿಗೆ ಸುತ್ತಿದ ರಬ್ಬರ್ ಬ್ಯಾಂಡ್ ಇದ್ದರೆ ತೆಗೆದು ಎಸೆಯಿರಿ. ಅದರ ಗಂಧಕ ಬೆಳ್ಳಿಯನ್ನು ಹಾಳುಮಾಡುತ್ತದೆ. ತುಕ್ಕು ಹಿಡಿದ ತಗಡಿನ ಡಬ್ಬಿಯನ್ನೂ ಬದಲಿಸಿ. ಆದರೆ ಡಬ್ಬಿಯ ಮೇಲಿನ ಚೀಟಿಯನ್ನು ಫೋಟೊ ತೆಗೆದ ಮೇಲೆ, ಅದರ ಬರಹವನ್ನು ಪಟ್ಟಿಗೆ ಇಳಿಸಿದ ಮೇಲೆ. ಎಷ್ಟೋ ರೀಲುಗಳಿಗೆ ಆ ಚೀಟಿಯೇ ಏಕೈಕ ಜಾತಕ. ನಮ್ಮ ಮನೆಗಳಲ್ಲಿ ಹಳೆಯ ಕಾಗದಗಳನ್ನು ಅಟ್ಟದ ಮೇಲೆ ಇಡುವ ರೂಢಿಯಿದೆ. ಒಲೆಯ ಹೊಗೆ ಫಿಲ್ಮಿನ ಬೆಳ್ಳಿಗೆ ಶತ್ರು; ಕೆಂಪು-ಕಿತ್ತಳೆ ಬಣ್ಣದ ಸೂಕ್ಷ್ಮ ಚುಕ್ಕೆಗಳು ಕಂಡರೆ ಬೆಳ್ಳಿ ಆಗಲೇ ಉತ್ಕರ್ಷಣೆಗೊಂಡಿದೆ ಎಂದು ತಿಳಿಯಿರಿ.

ಎಷ್ಟು ಡಿಪಿಐ? ಸಣ್ಣ ಅಂಕಿಯಿಂದ ಲೆಕ್ಕ ಹಾಕಿ

ಡಿಪಿಐ ಎಂದರೆ ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕ. ಹೆಚ್ಚಿನವರು ‘300 ಡಿಪಿಐ ಸಾಕಲ್ಲವೇ’ ಎಂದು ಕೇಳುತ್ತಾರೆ. ಯಾವುದರ 300 ಎಂಬುದೇ ಇಲ್ಲಿನ ಪ್ರಶ್ನೆ. ಫಿಲ್ಮಿನ ಅಂಗುಲಕ್ಕೆ 300 ಚುಕ್ಕೆ ಎಂದರೆ ಏನೂ ಕಾಣಿಸದು. ಮೂಲ ಹಾಳೆಯ ಅಂಗುಲಕ್ಕೆ ಎಷ್ಟು ಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಅದನ್ನು ಇಳಿಕೆಯ ಅನುಪಾತದಿಂದ ಗುಣಿಸಬೇಕು.

ಇಳಿಕೆಯ ಅನುಪಾತವೆಂದರೆ ಹಾಳೆಯನ್ನು ಎಷ್ಟು ಪಟ್ಟು ಕುಗ್ಗಿಸಿ ಫಿಲ್ಮಿಗೆ ಇಳಿಸಿದ್ದಾರೆ ಎಂಬುದು. ರೀಲಿನ ಮೊದಲ ಕೆಲವು ಫ್ರೇಮುಗಳಲ್ಲಿ ಅದನ್ನು ಬರೆದಿರುವುದುಂಟು. ಇಲ್ಲದಿದ್ದರೆ ನೀವೇ ಕಂಡುಹಿಡಿಯಬಹುದು. ಎ1 ಹಾಳೆಯ ಉದ್ದ 841 ಮಿ.ಮೀ.; ಫಿಲ್ಮಿನ ಮೇಲೆ ಅದು 28 ಮಿ.ಮೀ. ಇದ್ದರೆ ಅನುಪಾತ 30. ಮೆಟ್ರಿಕ್ ಪೂರ್ವದ ಹಾಳೆಗಳಲ್ಲಿ ಡಬಲ್ ಎಲಿಫೆಂಟ್ ಎಂಬ 40 ಅಂಗುಲ ಉದ್ದ, 27 ಅಂಗುಲ ಅಗಲದ ಅಳತೆ ಸಾಮಾನ್ಯ. 40 ಅಂಗುಲ ಎಂದರೆ 1016 ಮಿ.ಮೀ., ಅದು ಫಿಲ್ಮಿನಲ್ಲಿ 34 ಮಿ.ಮೀ. ಆಗಿದ್ದರೆ ಅಲ್ಲೂ ಅನುಪಾತ 30ರ ಹತ್ತಿರ.

ಇನ್ನು ಅಂಕಿಯ ಎತ್ತರ. ಪತ್ರಾಗಾರಗಳಲ್ಲಿ ಓದುವಿಕೆಯ ಗುಣಮಟ್ಟಕ್ಕೆ ಒಂದು ಸೂಚ್ಯಂಕ ಬಳಸುತ್ತಾರೆ: 8 ಎಂದರೆ ಉತ್ತಮ, 5 ಎಂದರೆ ಪರವಾಗಿಲ್ಲ, 3.6 ಎಂದರೆ ಕಷ್ಟಪಟ್ಟು ಓದಬಹುದು. ಬೂದು ಛಾಯೆಯ ಸ್ಕ್ಯಾನಿಗೆ ಸೂತ್ರ ಸರಳ. ಸೂಚ್ಯಂಕವನ್ನು 2ರಿಂದ ಗುಣಿಸಿ, ಅಕ್ಷರದ ಮಿಲಿಮೀಟರ್ ಎತ್ತರವನ್ನು 0.039ರಿಂದ ಗುಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಹಾಳೆಯ ಅತಿ ಸಣ್ಣ ಅಂಕಿ 2 ಮಿ.ಮೀ. ಇದ್ದರೆ 16 ಭಾಗಿಸು 0.078, ಅಂದರೆ 205 ಡಿಪಿಐ. ಅಂಕಿ 1.5 ಮಿ.ಮೀ. ಇದ್ದರೆ 273. ಬರೀ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡುವುದಾದರೆ 2ರ ಬದಲು 3ರಿಂದ ಗುಣಿಸಬೇಕು, 2 ಮಿ.ಮೀ. ಅಂಕಿಗೇ 308 ಬೇಕಾಗುತ್ತದೆ.

ಈಗ 205ನ್ನು 30ರಿಂದ ಗುಣಿಸಿ: 6150. ಫಿಲ್ಮಿನ ಅಂಗುಲಕ್ಕೆ ಆರು ಸಾವಿರಕ್ಕೂ ಹೆಚ್ಚು ಚುಕ್ಕೆ! ಹಾಳೆಯ ಮೇಲಿನ 2 ಮಿ.ಮೀ. ಅಂಕಿ ಫಿಲ್ಮಿನ ಮೇಲೆ 0.067 ಮಿ.ಮೀ. ಮಾತ್ರ ಇರುತ್ತದೆ ಎಂಬುದನ್ನು ನೆನೆದರೆ ಈ ಸಂಖ್ಯೆ ಹೆಚ್ಚೆನಿಸುವುದಿಲ್ಲ. ಸಾಧ್ಯವಿದ್ದಲ್ಲಿ ಇದಕ್ಕೂ ಸ್ವಲ್ಪ ಮೇಲೆಯೇ ಇರಿ, ಏಕೆಂದರೆ ಮಸೂರವೂ ತನ್ನ ಪಾಲಿನ ವಿವರವನ್ನು ತಿನ್ನುತ್ತದೆ.

ಯಂತ್ರ

ನೂರಾರು ರೀಲುಗಳಿದ್ದರೆ ಬೆಂಗಳೂರಿನಂಥ ಕಡೆ ಮೈಕ್ರೋಫಿಲ್ಮ್ ಸ್ಕ್ಯಾನರ್ ಇಟ್ಟುಕೊಂಡು ಸೇವೆ ಕೊಡುವವರಿಗೆ ವಹಿಸುವುದೇ ಸರಿ. ಆಗಲೂ ಮೇಲಿನ ಲೆಕ್ಕ ನಿಮ್ಮ ಕೈಯಲ್ಲಿರಲಿ. ‘ಹೈ ರೆಸಲ್ಯೂಷನ್’ ಎಂಬ ಮಾತಿಗೆ ಒಪ್ಪದೆ, ಇಷ್ಟು ಡಿಪಿಐ ಎಂದು ಕರಾರಿನಲ್ಲಿ ಬರೆಸಿ. ಒಂದು ಕೆಟ್ಟ ಫ್ರೇಮನ್ನೇ ಆರಿಸಿ ಮಾದರಿ ಕೇಳಿ. ರೀಲುಗಳನ್ನು ಬಸ್ಸಿನ ಡಿಕ್ಕಿಗೆ ಹಾಕದೆ ಕೈಯಲ್ಲೇ ಒಯ್ಯಿರಿ.

ಹತ್ತಿಪ್ಪತ್ತು ರೀಲುಗಳಿಗೆ ಕ್ಯಾಮೆರಾ ಸಾಕು. ಸಾಮಾನ್ಯ ಫ್ಲ್ಯಾಟ್‌ಬೆಡ್ ಸ್ಕ್ಯಾನರನ್ನು ನಾನು ಈ ಕೆಲಸಕ್ಕೆ ಒಪ್ಪುವುದಿಲ್ಲ. ಡಬ್ಬಿಯ ಮೇಲೆ 6400 ಎಂದಿದ್ದರೂ ನಿಜವಾಗಿ ಸಿಗುವ ವಿವರ ಅದರ ಅರ್ಧಕ್ಕೂ ಬರುವುದಿಲ್ಲ. ಪೂರ್ಣ ಅಳತೆಯ ಸಂವೇದಕವಿರುವ 61 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ 1:1 ಮ್ಯಾಕ್ರೋ ಮಸೂರ (ವಸ್ತುವನ್ನು ಅದರ ನಿಜ ಅಳತೆಯಲ್ಲೇ ಸಂವೇದಕದ ಮೇಲೆ ಮೂಡಿಸುವಂಥದ್ದು) ಹಾಕಿದರೆ ಫಿಲ್ಮಿನ ಮೇಲೆ ಸುಮಾರು 6700 ಡಿಪಿಐ ಸಿಗುತ್ತದೆ, 28 ಮಿ.ಮೀ. ಉದ್ದದ ಫ್ರೇಮ್ ಒಂದೇ ಚಿತ್ರದಲ್ಲಿ ಹಿಡಿಯುತ್ತದೆ. ಅದೇ ಅಳತೆಯ 24 ಮೆಗಾಪಿಕ್ಸೆಲ್ ಕ್ಯಾಮೆರಾ 1:1ರಲ್ಲಿ ಕೊಡುವುದು ಸುಮಾರು 4200 ಮಾತ್ರ. ಅಲ್ಲಿ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿ ಒಂದೂವರೆ ಪಟ್ಟು ಹಿಗ್ಗಿಸಿ, ಒಂದು ಫ್ರೇಮನ್ನು ನಾಲ್ಕು ತುಂಡುಗಳಲ್ಲಿ ತೆಗೆದು ಜೋಡಿಸಬೇಕು. ನಿಧಾನ, ಆದರೆ ಆಗುವಂಥದ್ದು.

ಕ್ಯಾಮೆರಾವನ್ನು ಗಟ್ಟಿ ಕಂಬಕ್ಕೆ ಕೆಳಮುಖವಾಗಿ ಬಿಗಿಯಿರಿ. ಕೆಳಗೆ ಎಲ್‌ಇಡಿ ಬೆಳಕಿನ ಹಲಗೆ. ಫಿಲ್ಮ್ ಅದರ ಮೇಲೆ ಕೆಲವು ಸೆಂಟಿಮೀಟರ್ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಹಲಗೆಯ ಚುಕ್ಕೆಗಳು ಚಿತ್ರದಲ್ಲಿ ಮೂಡುತ್ತವೆ. ಫ್ರೇಮಿನ ಸುತ್ತಲಿನ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ. ಎಮಲ್ಷನ್, ಎಂದರೆ ಚಿತ್ರದ ಜೆಲಾಟಿನ್ ಪದರ, ಇರುವ ಮಂಕು ಬದಿ ಮಸೂರದ ಕಡೆಗಿರಲಿ. ಹಾಗೆ ತೆಗೆದಾಗ ಬರಹ ತಿರುಗುಮುರುಗಾಗಿ ಕಂಡರೆ ಕಂಪ್ಯೂಟರಿನಲ್ಲಿ ತಿರುಗಿಸಿಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಸಮಾಂತರ. ಫಿಲ್ಮ್ ಇಡುವ ಜಾಗದಲ್ಲಿ ಒಂದು ಸಣ್ಣ ಚಪ್ಪಟೆ ಕನ್ನಡಿ ಇಟ್ಟು ಕ್ಯಾಮೆರಾದ ಪರದೆ ನೋಡಿ. ಮಸೂರ ತನ್ನ ಪ್ರತಿಬಿಂಬವನ್ನು ತಾನೇ ಕಾಣುತ್ತದೆ. ಆ ಕಪ್ಪು ವೃತ್ತದ ಕೇಂದ್ರ ಪರದೆಯ ನಟ್ಟನಡುವೆ ಕೂತರೆ ಕ್ಯಾಮೆರಾ ನೇರವಾಗಿದೆ; ಒಂದು ಕೂದಲೆಳೆ ಪಕ್ಕಕ್ಕೆ ಸರಿದಿದ್ದರೂ ನಕ್ಷೆಯ ಒಂದು ಮೂಲೆ ಮಸುಕಾಗುತ್ತದೆ. ನಕ್ಷೆಯ ಹೆಸರು, ಸಂಖ್ಯೆ ಬರೆದಿರುವ ಶೀರ್ಷಿಕೆಯ ಚೌಕ ಇರುವುದು ಮೂಲೆಯಲ್ಲಿಯೇ ಎಂಬುದನ್ನು ಮರೆಯಬೇಡಿ.

ಸ್ಕ್ಯಾನಿಂಗ್

ಅಪರ್ಚರ್ ಎಫ್/4ರಿಂದ ಎಫ್/5.6ರೊಳಗೆ, ಐಎಸ್ಒ ಕನಿಷ್ಠ, ರಾ ಕಡತ (ಕ್ಯಾಮೆರಾ ತಿದ್ದದೆ ಉಳಿಸುವ ಕಡತ), ಕಂಪನವಿಲ್ಲದಂತೆ ಎಲೆಕ್ಟ್ರಾನಿಕ್ ಶಟರ್. ಪರದೆಯಲ್ಲಿ ಅತಿ ಸಣ್ಣ ಅಂಕಿಯನ್ನು ದೊಡ್ಡದು ಮಾಡಿ ಅದರ ಮೇಲೆಯೇ ಫೋಕಸ್ ಹಿಡಿಯಿರಿ. ಪ್ರತಿ ಫ್ರೇಮಿಗೂ ಮುನ್ನ ಕೈ ಬ್ಲೋವರ್‌ನಿಂದ ಧೂಳು ಊದಿ. ಮಲೆನಾಡಿನಲ್ಲಿ ವಿದ್ಯುತ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಯುಪಿಎಸ್ ಇಲ್ಲದೆ ಕೂರಬೇಡಿ.

ಖಾಲಿ ಎಂದು ಕಂಡ ಫ್ರೇಮನ್ನೂ ಬಿಡಬೇಡಿ, ಎರಡು ಬಾರಿ ಬಂದಿದೆ ಎಂದು ಕಂಡದ್ದನ್ನೂ ಬಿಡಬೇಡಿ. ಫಿಲ್ಮ್ ಮಾಡಿದವರು ಮಾಸಿದ ಹಾಳೆಯನ್ನು ಬೇರೆ ಬೇರೆ ಬೆಳಕಿನಲ್ಲಿ ಎರಡು ಬಾರಿ ತೆಗೆದಿರಬಹುದು. ಒಂದರಲ್ಲಿ ಗೆರೆ ಚೆನ್ನಾಗಿ, ಇನ್ನೊಂದರಲ್ಲಿ ಪೆನ್ಸಿಲ್ ಟಿಪ್ಪಣಿ ಚೆನ್ನಾಗಿ ಬಂದಿರುತ್ತದೆ. ಒಂದೇ ಸಂಖ್ಯೆಯ ನಕ್ಷೆ ಮತ್ತೆ ಬಂದರೆ ಅದು ಪರಿಷ್ಕೃತ ಆವೃತ್ತಿಯಾಗಿರಬಹುದು. ಹಳೆಯ ಆವೃತ್ತಿಯಂತೆ ಕಟ್ಟಿದರೋ ಹೊಸದರಂತೆ ಕಟ್ಟಿದರೋ ಎಂಬುದು ಮುಂದೆ ಯಾರಿಗೋ ಬೇಕಾದೀತು.

ನೀಲನಕ್ಷೆಯ ವಿಷಯದಲ್ಲಿ ಒಂದು ಎಚ್ಚರ. ನೀಲಿ ಹಾಳೆಯ ಮೇಲೆ ಬಿಳಿ ಗೆರೆಯಿರುವ ಮೂಲವನ್ನು ನೆಗೆಟಿವ್ ಫಿಲ್ಮಿಗೆ ಇಳಿಸಿದಾಗ ಗೆರೆ ಕಪ್ಪಾಗಿ, ಹಿನ್ನೆಲೆ ತಿಳಿಯಾಗಿ ಬರುತ್ತದೆ. ನೋಡಿದವರು ಪಾಸಿಟಿವ್ ಎಂದುಕೊಂಡುಬಿಡುತ್ತಾರೆ. ಫಿಲ್ಮ್ ಯಾವುದೆಂದು ತಿಳಿಯಲು ನಕ್ಷೆಯನ್ನು ನೋಡಬೇಡಿ, ರೀಲಿನ ಆರಂಭದಲ್ಲಿ ಬಿಳಿ ಹಾಳೆಯ ಮೇಲೆ ಕಪ್ಪಾಗಿ ಮುದ್ರಿಸಿದ ಫಲಕವನ್ನು ನೋಡಿ.

ತಿದ್ದುವಾಗ ಕೈ ಬಿಗಿಯಾಗಿರಲಿ

ಧೂಳಿನ ಚುಕ್ಕೆ ಅಳಿಸುವ ಸ್ವಯಂಚಾಲಿತ ಸೌಲಭ್ಯವನ್ನು ನಿಲ್ಲಿಸಿಬಿಡಿ. ಅದು ದಶಮಾಂಶ ಬಿಂದುವನ್ನೂ ಧೂಳೆಂದೇ ಭಾವಿಸುತ್ತದೆ. 12.5 ಅಡಿ ಎಂಬುದು ಸದ್ದಿಲ್ಲದೆ 125 ಅಡಿ ಆಗುತ್ತದೆ. ಅಡಿ, ಅಂಗುಲಗಳನ್ನು ಸೂಚಿಸುವ ಪುಟ್ಟ ಗೀಟುಗಳಿಗೂ ಇದೇ ಗತಿ. 1956ರ ಕಾಯ್ದೆಯ ನಂತರ ಹಂತಹಂತವಾಗಿ ಮೆಟ್ರಿಕ್ ಬರುವವರೆಗೆ ನಮ್ಮ ನಕ್ಷೆಗಳೆಲ್ಲ ಅಡಿ-ಅಂಗುಲಗಳಲ್ಲೇ ಇದ್ದವು, ಆದ್ದರಿಂದ ಆ ಗೀಟುಗಳು ಹಾಳೆಯ ತುಂಬ ಇರುತ್ತವೆ. ತೀಕ್ಷ್ಣತೆ ಹೆಚ್ಚಿಸುವುದು, ಕಾಂಟ್ರಾಸ್ಟ್ ಏರಿಸುವುದು, ಕೃತಕ ಬುದ್ಧಿಮತ್ತೆಯಿಂದ ವಿವರ ತುಂಬಿಸುವುದು ಇವು ಯಾವುವೂ ಸ್ಕ್ಯಾನಿನ ಮೂಲ ಪ್ರತಿಗೆ ಬೇಡ. ಕೊನೆಯದಂತೂ ಮಸುಕಾದ 3ನ್ನು ಸುಂದರವಾದ 8 ಮಾಡಿ ಕೊಡಬಲ್ಲದು. ಮಸುಕಾಗಿರುವುದು ಮಸುಕಾಗಿಯೇ ಇದ್ದರೆ ಓದುವವನಿಗೆ ಸಂಶಯವಾದರೂ ಉಳಿಯುತ್ತದೆ.

ಮೂಲ ಪ್ರತಿ 8 ಬಿಟ್ ಬೂದು ಛಾಯೆಯ ಟಿಫ್ ಆಗಿರಲಿ. ಎ1 ಹಾಳೆ 200 ಡಿಪಿಐಯಲ್ಲಿ ಸುಮಾರು 31 ಮೆಗಾಬೈಟ್. 100 ಅಡಿಯ ರೀಲಿನಲ್ಲಿ 600 ಫ್ರೇಮ್ ಇದ್ದರೆ 19 ಗಿಗಾಬೈಟ್‌ನಷ್ಟು. ಓದುಗರಿಗೆ ಕೊಡಲು ಅದರಿಂದಲೇ ಪಿಡಿಎಫ್/ಎ ಪ್ರತಿ ಮಾಡಿಕೊಳ್ಳಬಹುದು. ತಿದ್ದುಪಡಿ ಏನಿದ್ದರೂ ಅಲ್ಲಿ.

ಪಟ್ಟಿ ಮತ್ತು ತಾಳೆ

ಕಡತದ ಹೆಸರಿನಲ್ಲಿ ಅಂಕಿಗಳಷ್ಟೇ ಇರಲಿ: 012-0345 ಎಂದರೆ 12ನೇ ರೀಲಿನ 345ನೇ ಫ್ರೇಮ್. ಉಳಿದದ್ದೆಲ್ಲ ಪಟ್ಟಿಗೆ ಹೋಗಲಿ: ನಕ್ಷೆಯ ಸಂಖ್ಯೆ, ಪರಿಷ್ಕರಣೆ, ಶೀರ್ಷಿಕೆ, ದಿನಾಂಕ, ಪ್ರಮಾಣ (ಸ್ಕೇಲ್), ಇಳಿಕೆಯ ಅನುಪಾತ, ಫಿಲ್ಮಿನ ಸ್ಥಿತಿ. ಹಾಳೆಯಲ್ಲಿ ‘ಶಿಮೊಗ’ ಎಂದಿದ್ದರೆ ಹಾಗೆಯೇ ಬರೆದು, ಪಕ್ಕದ ಕಲಮಿನಲ್ಲಿ ಶಿವಮೊಗ್ಗ ಎಂದು ಸೇರಿಸಿ. ಹುಡುಕುವವರು ಎರಡನ್ನೂ ಬಳಸುತ್ತಾರೆ. ಅಳತೆಗಳನ್ನು ಮೆಟ್ರಿಕ್‌ಗೆ ಬದಲಿಸಬೇಡಿ. ಸರ್ವೆ ಟಿಪ್ಪಣಿಗಳಲ್ಲಿ ಬರುವ ಸರಪಳಿ 33 ಅಡಿಯದು, ಅದರ ಹದಿನಾರನೇ ಒಂದು ಭಾಗ ಆಣೆ. ಇದನ್ನು ತಿಳಿಯದೆ ಪರಿವರ್ತಿಸಿದರೆ ಗಡಿಯೇ ಸರಿಯುತ್ತದೆ.

ಟೆಸರ್ಯಾಕ್ಟ್ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಟೈಪು ಮಾಡಿದ ವರದಿಗಳಿಗೆ ಅದು ಉಪಯುಕ್ತ, ನಕ್ಷೆಯ ಕೈಬರಹಕ್ಕೆ ಅಲ್ಲ. ಶೀರ್ಷಿಕೆಯ ಚೌಕವನ್ನು ಮನುಷ್ಯರೇ ಓದಿ ಟೈಪು ಮಾಡಬೇಕು. ಕನ್ನಡ ಅಂಕಿಗಳಿರುವ ಹಾಳೆಗಳಲ್ಲಿ ೬ ಮತ್ತು ೯ ಬಗ್ಗೆ ವಿಶೇಷ ಗಮನ ಬೇಕು. ಎರಡರ ಆಕಾರವೂ ತೀರಾ ಹತ್ತಿರ, ಮಸುಕಾದ ಫಿಲ್ಮಿನಲ್ಲಿ ಮೋಸ ಹೋಗುವುದು ಸುಲಭ.

ತಾಳೆಗೆ ಇಬ್ಬರು ಬೇಕು. ಒಬ್ಬರು ಓದಿದ್ದನ್ನು ಇನ್ನೊಬ್ಬರು ನೋಡದೆ ಮತ್ತೆ ಓದಬೇಕು. ನಕ್ಷೆಯೇ ತನ್ನ ಸಾಕ್ಷಿಯನ್ನೂ ಕೊಡುತ್ತದೆ: ಬಿಡಿ ಬಿಡಿ ಅಳತೆಗಳನ್ನು ಕೂಡಿದರೆ ಒಟ್ಟು ಅಳತೆ ಬರಬೇಕು. 8 ಅಡಿ 6 ಅಂಗುಲ, 13 ಅಡಿ, 8 ಅಡಿ 6 ಅಂಗುಲ ಕೂಡಿ 30 ಅಡಿ ಎಂದಿದ್ದರೆ ಆ 13 ನಿಜವಾಗಿಯೂ 13, 18 ಅಲ್ಲ. ಪ್ರತಿ ರೀಲಿನಿಂದ ಕೆಲವು ಹಾಳೆಗಳಿಗಾದರೂ ಈ ಕೂಡಿಕೆ ಮಾಡಿ ನೋಡಿ. ಲೆಕ್ಕ ತಪ್ಪಿದ ಕಡೆ ರೀಲನ್ನೇ ಮತ್ತೆ ಭೂತಗನ್ನಡಿಯಲ್ಲಿ ನೋಡಬೇಕು. ಆಗಲೂ ಸಂಶಯ ಉಳಿದರೆ ಪಟ್ಟಿಯಲ್ಲಿ ‘ಅಸ್ಪಷ್ಟ’ ಎಂದು ಬರೆಯಿರಿ.

ಉಳಿಸಿಕೊಳ್ಳುವುದು

ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ತಾಳೆಸಂಖ್ಯೆ (ಕಡತದ ಒಳಗಿನದನ್ನು ಆಧರಿಸಿ ಕಂಪ್ಯೂಟರ್ ಲೆಕ್ಕ ಹಾಕುವ ಗುರುತು) ತೆಗೆದು ಪಟ್ಟಿಯಲ್ಲಿಡಿ. ವರ್ಷಕ್ಕೊಮ್ಮೆ ಮತ್ತೆ ತೆಗೆದು ಹೋಲಿಸಿದರೆ ಯಾವ ಕಡತ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ತುಂಗೆ ಉಕ್ಕಿದರೆ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗುವ ಶಿವಮೊಗ್ಗದಲ್ಲಿ ನೆಲಮಹಡಿಯ ಕಪಾಟನ್ನು ನಾನು ಸುರಕ್ಷಿತ ಜಾಗವೆಂದು ಒಪ್ಪುವುದಿಲ್ಲ.

ಸ್ಕ್ಯಾನ್ ಆಯಿತೆಂದು ಫಿಲ್ಮನ್ನು ಎಸೆಯುವ ಕಚೇರಿಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಹತ್ತು ವರ್ಷದ ನಂತರದ ಕ್ಯಾಮೆರಾ ಇಂದು ಓದಲಾಗದ ಅಂಕಿಯನ್ನು ಓದಬಹುದು, ಆದರೆ ಫಿಲ್ಮ್ ಇದ್ದರೆ ಮಾತ್ರ. ರೀಲನ್ನು ಬಿಗಿಯಾಗಿ ಎಳೆಯದೆ ಸಮವಾಗಿ ಸುತ್ತಿ, ಆಮ್ಲರಹಿತ ಕಾಗದದ ಪಟ್ಟಿ ಕಟ್ಟಿ ಹೊಸ ಡಬ್ಬಿಗೆ ಹಾಕಿ. ಅಸಿಟೇಟ್ ರೀಲುಗಳಿಗೆ ಗಾಳಿ ಆಡುವ ಡಬ್ಬಿ, ಬೇರೆ ಕಪಾಟು. ಉಷ್ಣಾಂಶ 21 ಡಿಗ್ರಿ ಸೆಲ್ಸಿಯಸ್ ಮೀರದಂತೆ, ತೇವ ಶೇ. 50 ದಾಟದಂತೆ ನೋಡಿಕೊಳ್ಳಲು ಮಲೆನಾಡಿನಲ್ಲಿ ತೇವ ಹೀರುವ ಯಂತ್ರ ಬೇಕೇ ಬೇಕು, ಅದರ ನೀರಿನ ತೊಟ್ಟಿಯನ್ನು ಖಾಲಿ ಮಾಡುವ ಹೊಣೆ ಯಾರದೆಂದು ಹೆಸರು ಬರೆದು ಗೋಡೆಗೆ ಅಂಟಿಸಿ. ಕಾರ್ತಿಕದಲ್ಲೊಮ್ಮೆ, ಯುಗಾದಿಯ ಹೊತ್ತಿಗೊಮ್ಮೆ ಪ್ರತಿ ಡಬ್ಬಿ ತೆರೆದು ಮೂಸಿ ನೋಡಿ.